ಹದಿನೇಳು ಮಾತ್ರೆಯ ದಿನಚರಿ

1689ರಲ್ಲಿ ವಸಂತ ಮುಗಿಯುವ ಹೊತ್ತಿಗೆ ಜಪಾನಿನ ಕವಿ ಬಾಶೋ ಎದೊ ಪಟ್ಟಣ (ಈಗಿನ ಟೋಕಿಯೊ) ಬಿಟ್ಟು ಉತ್ತರಕ್ಕೆ ನಡೆದ. ಜೊತೆಗಿದ್ದವನು ಕವಾಯ್ ಸೋರಾ ಎಂಬ ಶಿಷ್ಯ. ಇಬ್ಬರೂ ದಾರಿಯುದ್ದಕ್ಕೂ ಬರೆದುಕೊಂಡರು. ಬಾಶೋ ಬರೆದದ್ದು ‘ಓಕು ನೊ ಹೊಸೊಮಿಚಿ’ ಆಯಿತು. ಗದ್ಯದ ನಡುನಡುವೆ ಹೈಕು ಎಂಬ ಪುಟ್ಟ ಪದ್ಯಗಳು ಬರುವ, ಕೂತಲ್ಲೇ ಓದಿ ಮುಗಿಸಬಹುದಾದ ಸಣ್ಣ ಪುಸ್ತಕ ಅದು. ಊರಿಗೆ ಮರಳಿದ ಮೇಲೆ ವರ್ಷಗಟ್ಟಲೆ ತಿದ್ದುತ್ತ ಕೂತ. 1694ರಲ್ಲಿ ತೀರಿಕೊಂಡ, ಪುಸ್ತಕ ಅಚ್ಚಾಗಿದ್ದು 1702ರಲ್ಲಿ. ಸೋರಾ ಬರೆದದ್ದು ಬರೀ ಲೆಕ್ಕ. ಯಾವ ತಾರೀಕು, ಯಾವ ಊರು, ಮಳೆಯೋ ಬಿಸಿಲೋ, ರಾತ್ರಿ ಯಾರ ಮನೆ. ಆ ದಿನಚರಿ ಜನರ ಕಣ್ಣಿಗೆ ಬಿದ್ದದ್ದು 1943ರಲ್ಲಿ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಗುರುಶಿಷ್ಯರ ಮಾತು ಹೊಂದುವುದಿಲ್ಲ. ಹಿರಾಯಿಜುಮಿಯ ಚೂಸೋನ್‌ಜಿ ದೇವಾಲಯದಲ್ಲಿ ಎರಡು ಮಂದಿರಗಳ ಬಾಗಿಲು ತೆರೆದಿತ್ತು, ಒಳಗೆ ಇಂಥಿಂಥ ಮೂರ್ತಿಗಳನ್ನು ಕಂಡೆ ಎಂದು ಬಾಶೋ ಬರೆಯುತ್ತಾನೆ. ಗ್ರಂಥಗಳಿದ್ದ ಮಂದಿರದ ಮೇಲ್ವಿಚಾರಕ ಊರಲ್ಲಿರಲಿಲ್ಲ, ಬಾಗಿಲು ತೆರೆಯಲಿಲ್ಲ ಎಂದು ಸೋರಾ ಬರೆಯುತ್ತಾನೆ. ಇಚಿಬುರಿ ಎಂಬ ಊರಿನ ವಸತಿಯಲ್ಲಿ ಪಕ್ಕದ ಕೋಣೆಯಲ್ಲಿ ಇಬ್ಬರು ವೇಶ್ಯೆಯರು ತಂಗಿದ್ದರು ಎಂಬುದು ಬಾಶೋನ ಪುಸ್ತಕದ ಬಹು ಚೆಂದದ ಭಾಗ. ಸೋರಾನಲ್ಲಿ ಅದರ ಸುಳಿವೇ ಇಲ್ಲ. ಇದನ್ನು ಓದಿದಾಗ ಕೆಲವರಿಗೆ ಬಾಶೋ ಸುಳ್ಳುಗಾರ ಅನ್ನಿಸುತ್ತದೆ. ನನಗೆ ಉಪಯೋಗಕ್ಕೆ ಬಂದದ್ದು ಬೇರೆ ಸಂಗತಿ: ಒಂದೇ ಪ್ರವಾಸಕ್ಕೆ ಎರಡು ಪುಸ್ತಕ ಬೇಕು, ಎರಡರ ಕೆಲಸವನ್ನೂ ಒಂದರಿಂದ ಮಾಡಿಸಬಾರದು.

ನಾನು ಜಪಾನಿನ ಸೆಂದಾಯಿಯಲ್ಲಿ ಕೆಲಸಕ್ಕಿರುವವನು. ಬಾಶೋ ನಡೆದ ದಾರಿಯ ಒಂದು ತುಂಡು ನಮ್ಮ ಊರಿನ ಮೇಲೇ ಹಾದು ಹೋಗುತ್ತದೆ. ಆ ದಾರಿಯಲ್ಲಿ ಸುತ್ತಿ, ಗದ್ಯದ ಜೊತೆಗೆ ಹೈಕು ಮತ್ತು ಐದು ಸಾಲಿನ ತಂಕಾ ಸೇರಿಸಿ ಕನ್ನಡದಲ್ಲಿ ಒಂದು ದಿನಚರಿ ಬರೆಯಬೇಕೆಂಬ ಆಸೆ ಬಹಳ ದಿನದಿಂದ ಇತ್ತು. 2023ರ ಜೂನ್ ಕೊನೆಗೆ ಸಾಗರದಿಂದ ಅಕ್ಕ-ಭಾವ ಬಂದರು. ಅಕ್ಕ ಮೊಮ್ಮಕ್ಕಳನ್ನು ಕಾಣದೆ ಇರುವವಳಂತೆ ನನ್ನ ಮಕ್ಕಳಿಗೆ ಅಂಟಿಕೊಂಡು ಎಲ್ಲಿಗೂ ಬರುವುದಿಲ್ಲ ಅಂದಳು. ಭಾವ ಹೊರಟರು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು, ಜೊತೆಗೆ ಮದುವೆಯಾದಾಗಿನಿಂದ ದಿನದ ಖರ್ಚು ಬರೆಯುವುದನ್ನು ಬಿಟ್ಟವರಲ್ಲ. ನನಗೆ ಸೋರಾ ಹುಡುಕದೆಯೇ ಸಿಕ್ಕಿದ್ದ.

ಹೊರಡುವ ಮೊದಲೇ ಒಂದು ಜಗಳ ಮುಗಿಸಬೇಕಾಯಿತು. ಹೈಕು ಅಂದರೆ 5-7-5 ಎಂದು ಎಲ್ಲರಿಗೂ ಗೊತ್ತು. ಐದು ಏನು? ಕನ್ನಡದಲ್ಲಿ ಬರೆಯುವವರು ಅಕ್ಷರ ಎಣಿಸುತ್ತಾರೆ, ಇಲ್ಲವೇ ಎಣಿಸುವುದನ್ನೇ ಬಿಟ್ಟು ಮೂರು ಸಾಲು ಮಾಡುತ್ತಾರೆ. ಜಪಾನಿನವರು ಎಣಿಸುವುದು ನಮ್ಮ ಅಕ್ಷರದ ಲೆಕ್ಕದಲ್ಲಿ ಅಲ್ಲ. ‘ತೋಕ್ಯೋ’ ಅವರಿಗೆ ನಾಲ್ಕು, ಏಕೆಂದರೆ ಎರಡೂ ಸ್ವರ ದೀರ್ಘ. ‘ಓಸಕ’ ಕೂಡ ನಾಲ್ಕು. ಅಂಚೆಚೀಟಿಗೆ ಅವರು ಹೇಳುವ ‘ಕಿತ್ತೆ’ ಮೂರು, ಏಕೆಂದರೆ ಒತ್ತಿಗೆ ಪ್ರತ್ಯೇಕ ಲೆಕ್ಕ. ಪದದ ಕೊನೆಯ ‘ನ್’ಗೂ ಒಂದು. ಭಾವನಿಗೆ ಇಷ್ಟು ಹೇಳಿದ್ದೇ ತಡ, ದಿನಪತ್ರಿಕೆಯ ಅಂಚಿನಲ್ಲಿ ಪ್ರಸ್ತಾರ ಹಾಕಿಯೇ ಬಿಟ್ಟರು.

“ಮಾರಾಯ, ಇದು ಮಾತ್ರೆ ಅಲ್ವನಾ? ತೋ ಗುರು, ಕ್ಯೋ ಗುರು, ನಾಲ್ಕು ಮಾತ್ರೆ. ಕಿತ್ತೆ: ಒತ್ತಿನ ಹಿಂದಿನದು ಗುರು, ಆಮೇಲೊಂದು ಲಘು, ಮೂರು. ಎಂಟನೇ ಕ್ಲಾಸಿನ ಛಂದಸ್ಸು!”

ಎಲ್ಲ ಕಡೆ ಹೀಗೆ ಸಲೀಸಾಗಿ ಕೂರುವುದಿಲ್ಲ. ಮತ್ಸುಶಿಮ ಅವರ ಬಾಯಲ್ಲಿ ನಾಲ್ಕು, ನಮ್ಮ ಲಿಪಿಯಲ್ಲಿ ಬರೆದ ಕೂಡಲೇ ‘ತ್ಸು’ ಒತ್ತಾಗಿ ಹಿಂದಿನ ‘ಮ’ ಗುರುವಾಗುತ್ತದೆ, ಐದಾಗುತ್ತದೆ. ಆದರೂ ಲಘು-ಗುರು ಬಲ್ಲ ಭಾಷೆಗೆ ಜಪಾನಿನ ಲೆಕ್ಕ ತೀರ ಹತ್ತಿರದ್ದು, ಅಕ್ಷರ ಎಣಿಸುವುದಕ್ಕಿಂತ ಸಾವಿರ ಪಾಲು ಹತ್ತಿರದ್ದು. ಹಾಗಾಗಿ ನಮ್ಮ ದಿನಚರಿಯ ಪದ್ಯಗಳು ಮಾತ್ರೆಯಲ್ಲೇ ಇರಬೇಕೆಂದು ತೀರ್ಮಾನವಾಯಿತು. ಹೈಕು 5-7-5, ತಂಕಾ 5-7-5-7-7.

ತೀರ್ಮಾನ ಮಾಡುವುದು ಸುಲಭ. ಬರೆಯಲು ಕೂತಾಗ ಗೊತ್ತಾಗುತ್ತದೆ ಹದಿನೇಳು ಮಾತ್ರೆ ಎಷ್ಟು ಇಕ್ಕಟ್ಟು ಎಂದು. ‘ಹೋಗುತ್ತಿದ್ದೇನೆ’ ಒಂದಕ್ಕೇ ಒಂಬತ್ತು ಮಾತ್ರೆ. ಒಂದು ಕ್ರಿಯಾಪದ ಕೂತರೆ ನಡುವಿನ ಸಾಲು ತುಂಬಿ ಹೊರಗೆ ಚೆಲ್ಲುತ್ತದೆ. ಅಕ್ಷರದ ಲೆಕ್ಕದಲ್ಲಿ ಬರೆಯುವವರಿಗೆ ಇದರ ಎರಡರಷ್ಟರವರೆಗೂ ಜಾಗ ಸಿಗುತ್ತದೆ. ಅದಕ್ಕೇ ಅಲ್ಲಿ ವಿಶೇಷಣ, ಉಪಮೆ, ಕೊನೆಗೊಂದು ನೀತಿ ಎಲ್ಲವೂ ನುಗ್ಗುತ್ತವೆ ಎಂಬುದು ನನ್ನ ಗುಮಾನಿ. ಮಾತ್ರೆಗೆ ಇಳಿದರೆ ಮೊದಲು ಬೀಳುವುದು ಉದ್ದದ ಕ್ರಿಯಾಪದ, ಆಮೇಲೆ ‘ನಾನು’. ಕನ್ನಡಕ್ಕೆ ಇವೆರಡೂ ಇಲ್ಲದೆ ನಿಲ್ಲುವ ಶಕ್ತಿ ಇದೆ. ‘ಅವನ ಹೆಸರು ರಾಮ’ ಅನ್ನುವಾಗ ನಾವು ಕ್ರಿಯಾಪದ ಹುಡುಕುವುದಿಲ್ಲವಲ್ಲ.

ಮೊದಲ ಊರು ಮತ್ಸುಶಿಮ. ಕೊಲ್ಲಿಯ ತುಂಬ ಪೈನ್ ಮರ ಹೊತ್ತ ದ್ವೀಪಗಳು, 260ಕ್ಕೂ ಹೆಚ್ಚು. ಹಿಂದಿನ ಕವಿಗಳು ಹಾಡಿ ಹಾಡಿ ಕಾವ್ಯದ ಸ್ಥಳವಾಗಿಸಿದ ಊರುಗಳಿಗೆ ಇಲ್ಲಿ ‘ಉತಮಕುರ’ ಅನ್ನುತ್ತಾರೆ. ಅಂಥವುಗಳಲ್ಲಿ ಇದು ಮುಂಚೂಣಿಯದು. ಬಾಶೋ ಹೊರಡುವ ಮೊದಲೇ ಈ ಊರಿನ ಚಂದ್ರ ಮನಸ್ಸು ತುಂಬಿದ್ದ ಎಂದು ಬರೆದವನು. ಇಲ್ಲಿಗೆ ಬಂದು ತನ್ನ ಪುಸ್ತಕದಲ್ಲಿ ತನ್ನದೊಂದೂ ಹೈಕು ಹಾಕಲಿಲ್ಲ, ಸೋರಾನದ್ದನ್ನು ಹಾಕಿ ಮುಂದೆ ಹೋದ. ‘ಮತ್ಸುಶಿಮ, ಆಹಾ ಮತ್ಸುಶಿಮ’ ಎಂದು ಅವನ ಹೆಸರಿನಲ್ಲಿ ಓಡಾಡುವ ಪದ್ಯ ಅವನದಲ್ಲ. ನಾವು ಹೋದ ದಿನ ಮಂಜು. ಭಾವನ ಪುಸ್ತಕದಲ್ಲಿ ಹೀಗಿದೆ: “ದ್ವೀಪಗಳು 260 ಚಿಲ್ಲರೆ ಅಂತೆ. ಕಂಡದ್ದು ಏಳೆಂಟು. ದೋಣಿ ದುಡ್ಡು ಪೂರ್ತಿ ತಗೊಂಡರು.” ಇದಕ್ಕೆ ಮೇಲೆ ನಾನೇನು ಬರೆಯಲಿ? ಬಾಶೋನ ದಾರಿಯನ್ನೇ ಹಿಡಿದೆ. ಆ ಪುಟದಲ್ಲಿ ಭಾವನ ಸಾಲೇ ಇದೆ.

ಹಿರಾಯಿಜುಮಿಯಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಅಲ್ಲಿ ತಕದಚಿ ಎಂಬ ಗುಡ್ಡ ಇದೆ, ಮೇಲಿನಿಂದ ಕಿತಕಾಮಿ ನದಿ ಕಾಣುತ್ತದೆ. 1189ರಲ್ಲಿ ಯೋಶಿತ್ಸುನೆ ಎಂಬ ಸೇನಾನಿ ಮುತ್ತಿಗೆಗೆ ಸಿಕ್ಕು ಸತ್ತದ್ದು ಇಲ್ಲಿ ಎಂದು ಪ್ರತೀತಿ. ಸರಿಯಾಗಿ 500 ವರ್ಷದ ಮೇಲೆ ಬಂದ ಬಾಶೋ ಬರೆದ: ಬೇಸಿಗೆಯ ಹುಲ್ಲು, ಯೋಧರೆಲ್ಲ ಕಂಡ ಕನಸಿನಲ್ಲಿ ಉಳಿದದ್ದು ಇಷ್ಟೇ. ಅಂಥ ಪದ್ಯ ಹುಟ್ಟಿದ ಜಾಗದಲ್ಲಿ ನಿಂತವನಿಗೆ ಅದೇ ಪದ್ಯವನ್ನು ಇನ್ನೊಮ್ಮೆ ಬರೆಯುವ ಚಪಲ ಬರುತ್ತದೆ. ನನ್ನ ಮೊದಲ ಕರಡಿನಲ್ಲಿ ಖಡ್ಗ ಇತ್ತು, ತುಕ್ಕು ಇತ್ತು, ನದಿಯ ಮೌನವೂ ಇತ್ತು. ಗುಡ್ಡದ ಮೇಲೆ ಇರದೆ ಇದ್ದದ್ದೆಲ್ಲ ಇತ್ತು.

ಇದ್ದದ್ದು ಹುಲ್ಲು ಕೊಯ್ಯುವ ಒಬ್ಬ ಮನುಷ್ಯ. ಹೆಗಲಿಗೆ ಹಾಕಿಕೊಳ್ಳುವ ಪೆಟ್ರೋಲು ಮಿಷನ್ನಿನಲ್ಲಿ ಇಳಿಜಾರು ಸವರುತ್ತಿದ್ದ. ಹನ್ನೆರಡು ಹೊಡೆದದ್ದೇ ಮಿಷನ್ ಆರಿಸಿ, ಮರದ ಬುಡಕ್ಕೆ ಹೋಗಿ ಕೂತ. ನಾವೂ ಅಲ್ಲೇ ಕೂತು ಅನ್ನದುಂಡೆ ಬಿಚ್ಚಿದೆವು. ರಾತ್ರಿ ಭಾವನ ಪುಸ್ತಕ ತೆಗೆದು ನೋಡಿದೆ. ಖಡ್ಗದ ಸುದ್ದಿ ಇಲ್ಲ. “12.00. ಹುಲ್ಲಿನವನು ಮಿಷನ್ ನಿಲ್ಲಿಸಿದ. ಆಮೇಲೆ ಕಿವಿ ಸರಿಯಾಯ್ತು” ಎಂದಿತ್ತು. ಅದನ್ನೇ ಎತ್ತಿಕೊಂಡೆ.

ಹಸಿಹುಲ್ಲು—
ಮಿಷನು ನಿಲ್ಲಿಸಿ
ಅವನೂಟ

ಆ ಹೊತ್ತಿನಿಂದ ಕ್ರಮ ಗಟ್ಟಿಯಾಯಿತು. ಹಗಲು ನಾನು ಬರೆಯುತ್ತಿರಲಿಲ್ಲ. ಭಾವ ರೈಲಿನಲ್ಲಿ, ಬಸ್ ಸ್ಟಾಪಿನಲ್ಲಿ, ಸಿಕ್ಕಸಿಕ್ಕಲ್ಲಿ ಗೀಚುತ್ತಿದ್ದರು. ಸ್ಟೇಷನ್ನುಗಳಲ್ಲಿ ಪ್ರಯಾಣಿಕರಿಗೆಂದು ಇಟ್ಟಿರುವ ದೊಡ್ಡ ರಬ್ಬರ್ ಮುದ್ರೆಗಳನ್ನು ಪುಟಕ್ಕೊಂದರಂತೆ ಒತ್ತುತ್ತಿದ್ದರು. ರಾತ್ರಿ ಅವರು ಗೊರಕೆಗೆ ಇಳಿದ ಮೇಲೆ ಅವರ ಪುಸ್ತಕ ನನ್ನ ಕೈಗೆ ಬರುತ್ತಿತ್ತು. ಅದರಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ: ಅವರು ಯಾಕೆ ಬರೆದರೆಂದು ಅವರಿಗೂ ಗೊತ್ತಿರದ ಸಾಲು. ಸಮಯ, ದುಡ್ಡು, ಊರಿನ ಹೆಸರುಗಳ ನಡುವೆ ಅಂಥದ್ದೊಂದು ಸಿಕ್ಕೇ ಸಿಗುತ್ತಿತ್ತು. ಗದ್ಯವನ್ನು ಆಮೇಲೆ ಬರೆಯುತ್ತಿದ್ದೆ, ಪದ್ಯದಲ್ಲಿರುವುದು ಗದ್ಯದಲ್ಲಿ ಬಾರದ ಹಾಗೆ ನೋಡಿಕೊಂಡು. ಗದ್ಯ-ಹೈಕು ಸೇರಿದ ಈ ಬರಹಕ್ಕೆ ಹೈಬುನ್ ಎನ್ನುತ್ತಾರೆ. ಅದರ ಕಷ್ಟವೆಲ್ಲ ಇಲ್ಲೇ ಇದೆ. ಗದ್ಯ ಹೇಳಿದ್ದನ್ನೇ ಪದ್ಯ ಮತ್ತೆ ಹೇಳಿದರೆ ಓದುವವರಿಗೆ ಒಂದೇ ಬಿಲ್ಲನ್ನು ಎರಡು ಸಲ ಕೊಟ್ಟ ಹಾಗೆ.

ಋತುವಿನ ಪ್ರಶ್ನೆ ನಾರುಕೊ ದಾರಿಯಲ್ಲಿ ಬಂತು. ಹೈಕುವಿನಲ್ಲಿ ಋತುವನ್ನು ಹೇಳುವ ಒಂದು ಪದ ಇರಬೇಕು, ‘ಕಿಗೊ’ ಅಂತ. ಯಾವ ಪದ ಯಾವ ಋತುವಿಗೆ ಎಂದು ಪಟ್ಟಿ ಮಾಡಿದ ‘ಸೈಜಿಕಿ’ ಎಂಬ ಕೋಶಗಳೇ ಇಲ್ಲಿವೆ. ಜಪಾನಿನ ಮಳೆಗಾಲ ನಡೆದಿತ್ತು. ಬಾಶೋ ಈ ಮಳೆಗೆ ‘ಸಮಿದಾರೆ’ ಎನ್ನುತ್ತಾನೆ, ಹಳೆಯ ಪಂಚಾಂಗದ ಐದನೇ ತಿಂಗಳ ಮಳೆ. ಅದನ್ನು ಕನ್ನಡದಲ್ಲಿ ಬರೀ ‘ಮಳೆ’ ಅಂದರೆ ಸಾಲದು. ಭಾವನಿಗೆ ಇದು ಸಮಸ್ಯೆಯೇ ಆಗಿರಲಿಲ್ಲ.

“ಇವತ್ತು ಯಾವ ಮಳೆ? ಆರಿದ್ರೆ. ಹಾಗಂತ ಬರಿ.”

“ಭಾವ, ಅದು ನಮ್ಮೂರಿನ ಮಳೆ ಅಲ್ವಾ? ಇಲ್ಲಿಯವರಿಗೆ ಆರಿದ್ರೆ ಎಲ್ಲಿಂದ ಬಂತು?”

“ಸೂರ್ಯ ಆರಿದ್ರಾ ನಕ್ಷತ್ರದಲ್ಲಿದ್ದಾಗ ಬೀಳೋದು ಆರಿದ್ರೆ ಮಳೆ. ಜಪಾನಿಗೆ ಬೇರೆ ಸೂರ್ಯ ಇದಾನನಾ?”

ಉತ್ತರ ಹೊಳೆಯಲಿಲ್ಲ. ಈಗಲೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಕ್ಷತ್ರ ಒಂದೇ ಆದರೂ ಆ ಹೆಸರಿನ ಹಿಂದೆ ಇರುವ ನಾಟಿ, ಕಂಬಳಿಕೊಪ್ಪೆ, ಆರಿದ್ರೆ ಬಿದ್ದರೆ ದರಿದ್ರವಿಲ್ಲ ಎಂಬ ಮಾತು ಇವು ಸಾಗರದವು. ಆದರೆ ಓದುವವರೂ ಸಾಗರ, ಸೊರಬದ ಕಡೆಯವರೇ. ಕೃಷಿಕರ ಮಳೆ ನಕ್ಷತ್ರಗಳಿಗಿಂತ ಒಳ್ಳೆಯ ಸೈಜಿಕಿ ಕನ್ನಡಕ್ಕೆ ಇಲ್ಲ. ಅದಲ್ಲದೆ ‘ಆರಿದ್ರೆ’ ಸರಿಯಾಗಿ ಐದು ಮಾತ್ರೆ. ಆ ರೈಲು ದಾರಿಯ ಸಣ್ಣ ಸ್ಟೇಷನ್ನುಗಳಲ್ಲಿ ಸಿಬ್ಬಂದಿ ಇರಲಿಲ್ಲ, ಇಳಿಯುವಾಗ ಟಿಕೆಟ್ಟನ್ನು ಚಾಲಕನಿಗೆ ತೋರಿಸಿ ಕೊಡಬೇಕಿತ್ತು. ಭಾವ ಕಳೆದೀತೆಂದು ಹತ್ತಿದಾಗಿನಿಂದ ಮುಷ್ಟಿಯಲ್ಲೇ ಹಿಡಿದಿದ್ದರು.

ಆರಿದ್ರೆ—
ಒದ್ದೆ ಟಿಕೆಟ್ಟು
ಅಂಗೈಲಿ

ನಾರುಕೊದ ಬಿಸಿನೀರಿನ ಊರು ದಾಟಿ, ಬೆಟ್ಟ ಹತ್ತಿ ಇಳಿಯುವಲ್ಲಿ ಸಕಾಯಿದ. ಗಡಿ ಕಾಯುವವನ ಮನೆಯಲ್ಲಿ ಬಾಶೋ ಮಳೆಗೆ ಸಿಕ್ಕಿಬಿದ್ದದ್ದು ಇಲ್ಲಿ. ಆ ಹುಲ್ಲು ಮಾಡಿನ ಮನೆ ಈಗಲೂ ಇದೆ. ಚಿಗಟ, ಹೇನು, ತಲೆದಿಂಬಿನ ಪಕ್ಕ ಕುದುರೆ ಉಚ್ಚೆ ಎಂದು ಅವನು ಬರೆದದ್ದನ್ನು ಓದಿದಾಗ ತಮಾಷೆಗೆ ಹೆಚ್ಚಿಸಿ ಬರೆದಿದ್ದಾನೆ ಅನ್ನಿಸಿತ್ತು. ಒಳಗೆ ಹೋದರೆ ಕುದುರೆ ಕಟ್ಟುವ ಜಾಗ ನಿಜಕ್ಕೂ ಮನೆಯೊಳಗೇ ಇದೆ, ಮಲಗುವ ಜಗಲಿಯ ಎದುರಿಗೆ. ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ ಕಡೆ ಕುದುರೆಯನ್ನು ಹೊರಗೆ ಬಿಡಲು ಆಗುವುದಿಲ್ಲ. ಭಾವ ಇಲ್ಲಿ ಬಹಳ ಹೊತ್ತು ಕಳೆದರು. ಗೂಟ, ಗೋದಲಿ, ನೆಲದ ಇಳಿಜಾರು ಎಲ್ಲ ನೋಡಿ, ಗಂಜಲ ಹರಿದು ಹೋಗುವ ದಾರಿ ಎಲ್ಲಿ ಎಂದು ನನ್ನ ಮೂಲಕ ಅಲ್ಲಿದ್ದವರನ್ನು ಕೇಳಿಸಿದರು. ಬಾಶೋನ ಮೇಲೆ ಅವರಿಗೆ ಗೌರವ ಬಂದದ್ದು ಆ ಮನೆಯಲ್ಲಿ. ಅಲ್ಲಿಯವರೆಗೆ “ಮೂರು ಸಾಲಿಗೆ ಇಷ್ಟು ದೂರ ನಡೆದನಾ” ಎಂಬ ಧಾಟಿ ಇತ್ತು.

ಸ್ಟೇಷನ್ನಿನ ಹತ್ತಿರವೇ ಒಂದು ತೋಡಿದೆ. ಸಣ್ಣದು, ಮಗು ಕೂಡ ದಾಟಬಹುದು. ಅದು ಒಂದು ಕಡೆ ಎರಡಾಗಿ ಸೀಳುತ್ತದೆ. ಒಂದು ಕವಲಿನ ನೀರು ಪೂರ್ವಕ್ಕೆ ಇಳಿದು ಪೆಸಿಫಿಕ್ ಸಾಗರ ಸೇರುತ್ತದೆ. ಇನ್ನೊಂದು ಪಶ್ಚಿಮಕ್ಕೆ ಹರಿದು, ಮೊಗಾಮಿ ನದಿಗೆ ಕೂಡಿ ಜಪಾನ್ ಸಮುದ್ರಕ್ಕೆ ಹೋಗುತ್ತದೆ. ಇಂಥ ಜಾಗದಲ್ಲಿ ತತ್ವಜ್ಞಾನ ಬರೆಯದೆ ಇರುವುದು ಕಷ್ಟ. ನನ್ನ ದಿನಚರಿಯ ಆ ಪುಟವನ್ನು ಇದ್ದ ಹಾಗೇ ಕೊಡುತ್ತೇನೆ:

“ಸಕಾಯಿದ. ಇಳಿದವರು ನಾವಿಬ್ಬರೇ. ಭಾವ ಕೊಡೆ ಮಡಚಿ ಕೊಡವಿದರು. ತೋಡಿನ ಪಕ್ಕದ ಬೋರ್ಡಿನಲ್ಲಿ ಎರಡು ಬಾಣ, ಒಂದು ಆ ಕಡೆ, ಒಂದು ಈ ಕಡೆ. ಮುಂದಿನ ರೈಲಿಗೆ ಬಹಳ ಹೊತ್ತಿದೆ. ಚೀಲದಲ್ಲಿ ಅವಲಕ್ಕಿ ಉಳಿದಿದೆಯೋ ಇಲ್ಲವೋ ಎಂಬ ಬಗ್ಗೆ ಮಾತಾಡಿಕೊಂಡೆವು.

ಮಳೆ ನಿಂತು
ಎರಡು ಸಮುದ್ರ
ಒಂದೆಲೆಗೆ”

ಇದರ ಗದ್ಯ ಮೊದಲು ಇದರ ಮೂರರಷ್ಟಿತ್ತು. ನೀರು ಸೀಳುವುದು, ಎಲೆ ತೇಲಿ ಬಂದು ಕಲ್ಲಿಗೆ ತಡೆದು ನಿಂತದ್ದು, ಎರಡೂ ಸಮುದ್ರದ ಹೆಸರು ಎಲ್ಲವನ್ನೂ ಬರೆದಿದ್ದೆ. ಪದ್ಯಕ್ಕೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಒಂದೊಂದೇ ವಾಕ್ಯ ಹೊಡೆಯುತ್ತ ಹೋದೆ. ಅವಲಕ್ಕಿಯ ವಾಕ್ಯವನ್ನು ಹೊಡೆಯಲು ಹೋಗಿ ಕೈ ತಡೆದೆ. ಈಗ ನೋಡಿದರೆ ಇಡೀ ಪುಟದಲ್ಲಿ ಅತ್ಯಗತ್ಯವಾದ ವಾಕ್ಯ ಅದೇ. ಮುಂದಿನ ಸಾಲಿನ ಸಮುದ್ರ ದೊಡ್ಡದಾಗಿ ಕಾಣಬೇಕಾದರೆ ಹಿಂದೆ ಅಷ್ಟು ಸಣ್ಣದೊಂದು ಇರಬೇಕು.

ಯಮದೆರ ಬಾಶೋನ ಯೋಜನೆಯಲ್ಲಿ ಇರಲಿಲ್ಲ. ಒಬನಜಾವ ಎಂಬ ಊರಿನಲ್ಲಿದ್ದಾಗ ಅಲ್ಲಿಯ ಜನ ಒತ್ತಾಯ ಮಾಡಿ ಕಳಿಸಿದರು, ಅವನು ತನ್ನ ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿ ಹೋದ. ಬಂಡೆಗಳ ಮೇಲೆ ಬಂಡೆ ಪೇರಿಸಿದಂಥ ಬೆಟ್ಟ, 860ರಲ್ಲಿ ಸ್ಥಾಪನೆಯಾದ ರಿಶ್ಶಾಕುಜಿ ದೇವಾಲಯ. ಅಲ್ಲಿ ಹುಟ್ಟಿದ ಹೈಕು ಜಪಾನಿನ ಶಾಲಾಮಕ್ಕಳಿಗೂ ಬಾಯಿಪಾಠ:

ಶಿಜುಕಸ ಯ
ಇವ ನಿ ಶಿಮಿಇರು
ಸೆಮಿ ನೊ ಕೊಎ

ಎಂಥ ನೀರವ, ಬಂಡೆಗೆ ಇಂಗುವ ಜೀರುಂಡೆಯ ಸದ್ದು. ಸೋರಾ ಬರೆದಿಟ್ಟ ಮೊದಲ ರೂಪದಲ್ಲಿ ‘ನೀರವ’ ಇಲ್ಲ, ಸುಮ್ಮನೆ ‘ಯಮದೆರ’ ಎಂದು ಊರಿನ ಹೆಸರಿದೆ. ಸದ್ದು ಬಂಡೆಗೆ ಇಂಗುವುದಿಲ್ಲ, ಕಲ್ಲಿಗೆ ಅಂಟುತ್ತದೆ. ಈ ಪದ್ಯದ ಜೀರುಂಡೆ ಯಾವ ಜಾತಿಯದು ಎಂಬ ಬಗ್ಗೆ ದೊಡ್ಡ ವಿವಾದವೇ ನಡೆದಿತ್ತು. ತಂಕಾ ಕವಿ ಸೈತೋ ಮೊಕಿಚಿ, ಇದೇ ಯಮಗತ ಸೀಮೆಯವನು, ಅಬುರಾಜೆಮಿ ಎಂದ. ವಿದ್ವಾಂಸ ಕೊಮಿಯಾ ತೊಯೋತಕ ನೀನೀಜೆಮಿ ಎಂದ. ಆ ತಿಂಗಳಿನಲ್ಲಿ ಅಲ್ಲಿ ಯಾವ ಜೀರುಂಡೆ ಕೂಗುತ್ತದೆ ಎಂದು ಹಿಡಿದು ನೋಡಿದ ಮೇಲೆ ಮೊಕಿಚಿ ಸೋಲೊಪ್ಪಿಕೊಂಡ. ಹದಿನೇಳು ಮಾತ್ರೆಗಾಗಿ ಹುಳ ಹಿಡಿಯಲು ಹೊರಟ ಕವಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೆಟ್ಟಿಲು ಸಾವಿರಕ್ಕೂ ಮೇಲೆ. ಬುಡದಲ್ಲಿ ‘ಶಕ್ತಿ ಬರಲಿ’ ಎಂದು ಕಡ್ಡಿಗೆ ಚುಚ್ಚಿದ ಕೊನ್ಯಾಕು ಉಂಡೆ ಮಾರುತ್ತಾರೆ. ಒಂದು ಗಡ್ಡೆಯ ಹಿಟ್ಟಿನಿಂದ ಮಾಡಿದ್ದು, ಆದರೆ ಬೇಯಿಸುವ ರಸಕ್ಕೆ ಒಣಗಿಸಿದ ಮೀನಿನ ಜಾತಿಯದು ಏನಾದರೂ ಬಿದ್ದಿರುತ್ತದೆ. ಭಾವ ಕೈಮುಗಿದು ಮುಂದೆ ನಡೆದರು. ಅರ್ಧ ದಾರಿಯಲ್ಲಿ ಕೂತರು. ಅಲ್ಲಿ ಕೂತೇ ಪ್ರವಾಸದಲ್ಲಿ ಅವರು ಮಾಡಿದ ಏಕೈಕ ಪದ್ಯ ಹೊರಬಂತು, ಬೆರಳು ಮಡಚಿ ಎಣಿಸಿಕೊಂಡು:

ಜೀರುಂಡೆ
ಸಾವಿರ ಮೆಟ್ಟು
ಮೊಣಕಾಲು

“ಐದು, ಏಳು, ಐದು. ಒಂದು ಮಾತ್ರೆ ಅತ್ತಿತ್ತ ಇಲ್ಲ.” ನಿಜ, ಲೆಕ್ಕ ಪಕ್ಕಾ. ಆದರೆ ಮೂರು ಸಾಲೂ ಮೂರು ತುಂಡಾಗಿ ನಿಂತರೆ ಅದನ್ನು ಇಲ್ಲಿಯವರು ‘ಸಂದನ್‌ಗಿರೆ’ ಎಂದು ದೋಷವಾಗಿ ಎಣಿಸುತ್ತಾರೆ. ಹೈಕುವಿನಲ್ಲಿ ಕಡಿತ ಒಂದೇ ಕಡೆ ಇರಬೇಕು. ಎರಡು ಭಾಗ ಎದುರುಬದುರಾದಾಗ ನಡುವೆ ಏನಾದರೂ ಆಗುತ್ತದೆ. ಮೂರಾದರೆ ಅದು ಕಿರಾಣಿ ಚೀಟಿ. ಇದನ್ನು ಹೇಳಿದಾಗ ಭಾವ, “ಹಾಗಾದ್ರೆ ನೀನೇ ಮಾಡು” ಎಂದು ಮೊಣಕಾಲು ನೀವಿಕೊಳ್ಳುತ್ತ ಕೂತರು.

ಅರೆದಾರಿ—
ಕಾಲು ನೀವುತ
ಜೀರುಂಡೆ

ಓದಿ ತೋರಿಸಿದೆ. “ಕಾಲು ನೀವ್ತಾ ಇರೋದು ನಾನೋ, ಜೀರುಂಡೆಯೋ?” ಎಂದು ಮೇಷ್ಟ್ರು ಅನ್ವಯಕ್ಕೆ ಕೈ ಹಾಕಿದರು. ವ್ಯಾಕರಣದ ಪ್ರಕಾರ ಜೀರುಂಡೆಯೇ. ತಿದ್ದಲಿಲ್ಲ. ಕೈಕಾಲು ಉಜ್ಜಿಕೊಂಡು ಬೇಡುವ ನೊಣವನ್ನು ಹೊಡೆಯಬೇಡ ಎಂದು ಬರೆದ ಇಸ್ಸಾನ (1763–1828) ನಾಡಿನಲ್ಲಿ ಜೀರುಂಡೆಗೂ ಮೊಣಕಾಲು ನೋಯಬಹುದು. ಆ ರಾತ್ರಿ ಅಕ್ಕನ ಫೋನು ಬಂತು. “ಮಾತ್ರೆ ಸರಿಯಾಗಿ ಆಯ್ತಾ?” ಎಂದಳು. ಭಾವ ಹೆಮ್ಮೆಯಿಂದ “ಐದು, ಏಳು, ಐದು” ಅಂದರು. “ಬಿಪಿದು ಕೇಳಿದ್ದು” ಅಂದಳು.

ಹೈಕು ಬಗ್ಗೆಯೇ ಇಷ್ಟು ಹೇಳಿದೆ, ತಂಕಾ ನನಗೆ ಕಡೆಯವರೆಗೂ ಕೈಗೆ ಹತ್ತಿರಲಿಲ್ಲ. ಪದ್ಯ ಬೆರೆಸಿದ ಪ್ರವಾಸ ದಿನಚರಿಗೆ ಜಪಾನಿನಲ್ಲಿ ಬಾಶೋಗಿಂತ ಏಳು ಶತಮಾನ ಹಳೆಯ ಮಾದರಿ ಇದೆ. 935ರ ಸುಮಾರಿಗೆ ಕಿ ನೊ ತ್ಸುರಯುಕಿ ಎಂಬ ಅಧಿಕಾರಿ ತೋಸ ಪ್ರಾಂತದ ಕೆಲಸ ಮುಗಿಸಿ ಕ್ಯೋತೋಗೆ ಮರಳುವ ಹಡಗಿನ ದಾರಿಯನ್ನು ‘ತೋಸ ನಿಕ್ಕಿ’ಯಲ್ಲಿ ಬರೆದ, ಹೆಂಗಸೊಬ್ಬಳು ಬರೆದಂತೆ ನಟಿಸಿ. ಅದರಲ್ಲಿ ಎಲ್ಲರೂ 5-7-5-7-7ರ ಪದ್ಯ ಹೇಳುತ್ತಾರೆ, ಮಕ್ಕಳೂ ಕೂಡ. ಹವೆ ಸರಿಯಿಲ್ಲ, ಹಡಗು ಹೊರಡಲಿಲ್ಲ ಎಂಬಂಥ ದಿನಗಳೇ ಹೆಚ್ಚು; ನಡುವೆ ತಟ್ಟನೆ, ತೋಸದಲ್ಲಿ ಸತ್ತ ಮಗಳ ನೆನಪು ಪದ್ಯವಾಗಿ ಬರುತ್ತದೆ. ಹೈಕುವಿಗೆ ಇಲ್ಲದ ಎರಡು ಸಾಲು ತಂಕಾಗೆ ಯಾಕಿವೆ ಎಂದು ಅಲ್ಲಿ ತಿಳಿಯುತ್ತದೆ. ಮೇಲಿನ ಮೂರು ಸಾಲು ಕಂಡದ್ದಕ್ಕೆ, ಕೆಳಗಿನ ಎರಡು ಸಾಲು ಕಂಡವನಿಗೆ. ಪ್ರತಿಯೊಂದು ತಂಕಾವೂ ಹಾಗಲ್ಲ, ನನಗೆ ಸಿಕ್ಕ ಹಿಡಿಕೆ ಅದು.

ಶಿಂಜೋದಿಂದ ಮುಂದೆ ಆ ವರ್ಷ ರೈಲಿನ ಬದಲು ಬಸ್ಸು, ರಸ್ತೆ ಸುರಂಗದ ಕಾಮಗಾರಿಯಿಂದಾಗಿ. ಫುರುಕುಚಿಯಲ್ಲಿ ಇಳಿದು ಮೊಗಾಮಿ ನದಿಯ ದೋಣಿ ಹತ್ತಿದೆವು. ‘ಐದನೇ ತಿಂಗಳ ಮಳೆಯನ್ನೆಲ್ಲ ಕೂಡಿಸಿಕೊಂಡು ರಭಸದಿಂದ ಹರಿವ ಮೊಗಾಮಿ’ ಎಂಬ ಬಾಶೋನ ಹೈಕುವಿನಲ್ಲಿ ಮೊದಲು ರಭಸ ಇರಲಿಲ್ಲ, ತಂಪು ಇತ್ತು. ಒಯಿಶಿದದಲ್ಲಿ ಆತಿಥ್ಯ ಕೊಟ್ಟವರ ಮನೆಯಲ್ಲಿ ಕೂತು ಬರೆದದ್ದು. ಹೊಳೆಯ ಗಾಳಿ ತಂಪು ಎನ್ನುವುದು ಆತಿಥೇಯರಿಗೆ ಸಲ್ಲುವ ಮರ್ಯಾದೆಯೂ ಹೌದು. ದೋಣಿಯಲ್ಲಿ ಕೂತು ಹೊಳೆ ಇಳಿದವನು ಪುಸ್ತಕಕ್ಕೆ ಸೇರಿಸುವಾಗ ರಭಸ ಮಾಡಿದ. ನಾವು ಇಳಿದಾಗ ನೀರು ಕೆಂಪಗೆ, ದಪ್ಪಗೆ. ದೋಣಿಯವರು ವಯಸ್ಸಾದವರು, ಮೊಗಾಮಿಯ ದೋಣಿ ಹಾಡನ್ನು ಶುರು ಮಾಡಿದರು. ಭಾವ ಬರೆದುಕೊಂಡರು: “ಹಾಡು. ಅರ್ಥ ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದರು. ದೋಣಿ ನಡೆಸುವವರು ಕಣ್ಣು ಮುಚ್ಚಬಾರದು.” ಇಂಜಿನ್ ನಡೆಸುವವನು ಬೇರೆ ಇದ್ದ.

ಕಣ್ಮುಚ್ಚಿ
ದೋಣಿಯ ಅಜ್ಜ
ಹಾಡಿದರು—
ಅಮ್ಮ ಮರೆತಳು
ನಾಟಿಯ ಹಾಡು

ಇದರ ಜೊತೆಗಿನ ಗದ್ಯದಲ್ಲಿ ಅಮ್ಮನ ಮಾತೇ ಇಲ್ಲ. ನೀರಿನ ಬಣ್ಣ, ದೋಣಿಯ ಚಾಪೆ, ಬಸ್ಸಿನ ಟಿಕೆಟ್ಟು. ಭಾವ ಓದಿ, “ಅತ್ತೆ ಮರ್ತಿದ್ದು ಹಾಡೊಂದೇನಾ? ಹೋದ್ಸಲ ನನ್ನ ಹೆಸರೇ ಮರ್ತಿದ್ರು” ಅಂದರು. ಅದನ್ನೂ ಸೇರಿಸಲೇ ಎಂದು ಯೋಚಿಸಿದೆ. ಮೂವತ್ತೊಂದು ಮಾತ್ರೆ ಮುಗಿದಿತ್ತು.

ದಾರಿಯ ಹಳೆಯ ಸ್ಟೇಷನ್ನುಗಳಲ್ಲಿ ಯಂತ್ರಕ್ಕೆ ನಾಣ್ಯ ಹಾಕಿ ಚಹಾ ಬಾಟಲಿ ತೆಗೆಯುತ್ತಿದ್ದೆವು. ಅದರಲ್ಲೊಂದರ ಮೈಮೇಲೆ ಹೈಕು ಅಚ್ಚಾಗಿರುತ್ತದೆ. ಇತೋ ಎನ್ ಎಂಬ ಕಂಪನಿ 1989ರಿಂದ ಸ್ಪರ್ಧೆ ನಡೆಸಿ, ಜನ ಕಳಿಸಿದ ಹೈಕುಗಳನ್ನು ಬಾಟಲಿಗೆ ಹಾಕುತ್ತ ಬಂದಿದೆ. ಬರೆದವರಲ್ಲಿ ಶಾಲೆ ಮಕ್ಕಳೂ ಅಜ್ಜಂದಿರೂ ಇರುತ್ತಾರೆ. ನಾನು ಓದಿ ಅರ್ಥ ಹೇಳಬೇಕು, ಭಾವ ಅಂಕ ಕೊಡಬೇಕು. ಬಾಶೋನ ಹಾದಿಯಲ್ಲಿ ಹೊರಡುವವರು ಗಂಭೀರವಾಗಿಬಿಡುತ್ತಾರೆ, 1893ರಲ್ಲಿ ಇದೇ ಹಾದಿ ಹಿಡಿದ ಮಸಓಕಾ ಶಿಕಿ ಸ್ವಲ್ಪ ದೂರ ರೈಲಿನಲ್ಲೇ ಬಂದ ಎಂಬುದು ನಮಗೆ ದೊಡ್ಡ ಸಮಾಧಾನ. ‘ಹೈಕು’ ಎಂಬ ಹೆಸರನ್ನು ಚಾಲ್ತಿಗೆ ತಂದವನೂ ಅವನೇ, ಕಣ್ಣಿಗೆ ಕಂಡದ್ದನ್ನು ಚಿತ್ರದಂತೆ ಬರೆಯಿರಿ ಎಂದವನೂ ಅವನೇ.

ಕೊನೆಯ ಊರು ಸಕತ, ಮೊಗಾಮಿ ಸಮುದ್ರ ಸೇರುವ ಕಡೆ. ಸುಡುವ ಸೂರ್ಯನನ್ನು ನದಿ ಸಮುದ್ರಕ್ಕೆ ಅದ್ದಿತು ಎಂದು ಬಾಶೋ ಬರೆದದ್ದು ಇಲ್ಲಿ. ನಮಗೆ ಸೂರ್ಯ ಕಾಣಲಿಲ್ಲ. ಅಲ್ಲಿಯ ಪುಟವನ್ನು ಖಾಲಿ ಬಿಟ್ಟು ಮನೆಗೆ ಬಂದೆವು.

ಮನೆಯಲ್ಲಿ ಅಕ್ಕ ಎರಡೂ ಪುಸ್ತಕ ಕೇಳಿ ತೆಗೆದುಕೊಂಡಳು. ಮೊದಲು ಓದಿದ್ದು ಗಂಡನದ್ದನ್ನು, ಮುದ್ರೆಗಳ ಸಮೇತ ಪೂರ್ತಿ. ಉಮೆಬೋಷಿ ಎಂಬ ಹುಳಿ ಉಪ್ಪಿನಕಾಯಿ ಹಾಕಿದ ಅನ್ನದುಂಡೆ ಹುಳಿ ಅಪ್ಪೆಮಿಡಿಯಷ್ಟಿತ್ತಾ ಎಂದು ವಿಚಾರಣೆ ಆಯಿತು. ಆಮೇಲೆ ನನ್ನದು. ವಾಪಸ್ ಕೊಟ್ಟಾಗ ಹುಲ್ಲು ಕೊಯ್ಯುವವನ ಪದ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: “ಏನು ಊಟ?”

ನನಗೆ ನೆನಪಿರಲಿಲ್ಲ. ಭಾವನ ಪುಸ್ತಕ ತಿರುವಿದರೆ ಅಲ್ಲಿತ್ತು, ನಾನು ಮೊದಲ ಸಲ ಗಮನಿಸದ ಅಂಚಿನಲ್ಲಿ: “ಹುಲ್ಲಿನವನ ಬುತ್ತಿ: ಬಿಳಿ ಅನ್ನ, ಹಳದಿ ಮೂಲಂಗಿ ಉಪ್ಪಿನಕಾಯಿ.” ಇಲ್ಲಿ ಅದಕ್ಕೆ ತಕುವಾನ್ ಅನ್ನುತ್ತಾರೆ. ‘ಹಳದಿ ಮೂಲಂಗಿ’ ಎಂಟು ಮಾತ್ರೆ, ನಡುವಿನ ಸಾಲಿಗೆ ಒಂದು ಹೆಚ್ಚು. ಜಪಾನಿನಲ್ಲಿ ಇದಕ್ಕೂ ವಿನಾಯಿತಿ ಇದೆ, ‘ಜಿಅಮರಿ’ ಎಂದು. ಬಾಶೋ ಕೂಡ ಮೀರಿದವನೇ. ಆದರೆ ಭಾವ ವಿನಾಯಿತಿ ತೆಗೆದುಕೊಳ್ಳುವ ಜಾತಿಯವರಲ್ಲ. ಸಾಲು ಒಡೆದು ಕೂರಿಸಿದರು:

ಹಸಿಹುಲ್ಲು—
ಬುತ್ತಿಲಿ ಹಳದಿ
ಮೂಲಂಗಿ

ಮಾತ್ರೆ ಸರಿ, ಕಡಿತ ಒಂದೇ ಕಡೆ, ಹಸಿರಿನ ಎದುರು ಹಳದಿ. ಆದರೆ ಮಿಷನ್ ನಿಂತದ್ದು ಹೋಯಿತು. ಅದು ನಿಂತ ಮೇಲೆ ಕಿವಿ ಸರಿಯಾಯಿತು ಎಂದು ಬರೆದವರೂ ಇವರೇ ಅಲ್ಲವೇ ಎಂದು ವಾದ ಮಾಡಿದೆ. ಅವರು ಊರಿಗೆ ಮರಳಿದ ಮೇಲೂ ವಾಟ್ಸಾಪಿನಲ್ಲಿ ಅದು ನಡೆಯುತ್ತಿದೆ. ಎರಡನ್ನೂ ಎದುರುಬದುರು ಪುಟದಲ್ಲಿ ಬರೆದಿಟ್ಟಿದ್ದೇನೆ. ಅಕ್ಕನ ವೋಟು ಮೂಲಂಗಿಗೆ.